ಬೇಸಿಗೆಯಲ್ಲೂ ಬತ್ತದ ತೋಡು: ಇಂದ್ರಾಣಿಗೆ ಕೊಳಚೆ ಎಲ್ಲಿಂದ ಸೇರುತ್ತಿದೆ ಎಂದು ತಿಳಿಯುವುದು ಹೇಗೆ?

ಬಾವಿಕಟ್ಟೆ, ಉಡುಪಿ

ನಮಸ್ಕಾರ. ಇಂದ್ರಾಳಿಯ ಕಡೆಯಿಂದ ಇಳಿದು, ಕಲ್ಸಂಕವನ್ನು ದಾಟಿ, ಕೊಡವೂರು ಮತ್ತು ಕಲ್ಮಾಡಿಯ ಕಡೆಗೆ ಹರಿಯುವ ಇಂದ್ರಾಣಿ ಹೊಳೆಗೆ ಸೇರುವ ಒಂದು ಸಣ್ಣ ತೋಡಿನ ಬದಿಯಲ್ಲಿ ನಮ್ಮ ಮನೆಯಿದೆ. ಮನೆಯ ಬಾವಿ ಇಪ್ಪತ್ತೆಂಟು ಅಡಿ ಆಳದ್ದು, ಮುರಕಲ್ಲಿನಲ್ಲಿ ತೋಡಿದ್ದು. ತೋಡಿಗೂ ಬಾವಿಗೂ ನಡುವಿನ ಅಂತರ ಸುಮಾರು ನಲವತ್ತು ಅಡಿ. ನಮ್ಮ ತಾಯಿಯವರು ಈ ಬಾವಿಯ ನೀರನ್ನು ಸೋಸದೆಯೇ ಕುಡಿಯುತ್ತಿದ್ದರು ಮತ್ತು ಬಂದ ನೆಂಟರಿಗೆ ಬೆಲ್ಲದ ಜೊತೆ ಅದನ್ನೇ ಕೊಡುತ್ತಿದ್ದರು. ಕಳೆದ ಮೂರು ವರ್ಷಗಳಿಂದ ಫೆಬ್ರವರಿ ಬಂದ ಕೂಡಲೇ ನೀರು ವಾಸನೆ ಬರತೊಡಗುತ್ತದೆ. ಬ್ಲೀಚಿಂಗ್ ಪುಡಿ ಹಾಕಿದರೆ ನಾಲ್ಕು ದಿನ ಸರಿಯಾಗಿ, ಐದನೆಯ ದಿನ ಮತ್ತೆ ಅದೇ ಸ್ಥಿತಿಗೆ ಬರುತ್ತದೆ. ಪ್ರಯೋಗಾಲಯಕ್ಕೆ ಕೊಟ್ಟಾಗ ಕೋಲಿಫಾರ್ಮ್ (ಕೊಳಚೆ ಸೇರಿರುವುದನ್ನು ಸೂಚಿಸುವ ಬ್ಯಾಕ್ಟೀರಿಯಾ) ಇದೆ, ಕುಡಿಯಲು ಯೋಗ್ಯವಲ್ಲ ಎಂದು ಒಂದು ಸಾಲಿನ ವರದಿ ಬಂತು.

ತೋಡಿನ ವಿಷಯ ಇನ್ನೂ ವಿಚಿತ್ರವಾಗಿದೆ. ನಾನು ಚಿಕ್ಕವನಿದ್ದಾಗ ಶಿವರಾತ್ರಿ ಕಳೆಯುವ ಹೊತ್ತಿಗೆ ಅದು ಬತ್ತಿ, ಅಲ್ಲಲ್ಲಿ ಗುಂಡಿಗಳಲ್ಲಿ ಮಾತ್ರ ನೀರು ಉಳಿಯುತ್ತಿತ್ತು. ಅಂಥ ಗುಂಡಿಗಳಲ್ಲಿ ನಾವು ಮೀನು ಹಿಡಿಯುತ್ತಿದ್ದೆವು. ಈಗ ಏಪ್ರಿಲ್‌ನಲ್ಲೂ ಅದು ನಿಲ್ಲದೆ ಹರಿಯುತ್ತದೆ, ಬೂದು ಬಣ್ಣದ್ದಾಗಿ, ಬೆಳಗಿನ ಹೊತ್ತು ನೊರೆಯೊಡನೆ. ಹಲವು ಕಡೆ ಅರ್ಜಿ ಕೊಟ್ಟಿದ್ದೇನೆ. ಎಲ್ಲೆಡೆ ಬಂದ ಉತ್ತರ ಒಂದೇ: ಹೊಸ ಶುದ್ಧೀಕರಣ ಘಟಕ ಬಂದರೆ ಎಲ್ಲವೂ ಸರಿಯಾಗುತ್ತದೆ. ನಿಜವಾಗಿಯೂ ಸರಿಯಾಗುತ್ತದೆಯೇ? ಎಂಜಿನಿಯರರಲ್ಲದ ನಮ್ಮಂಥವರು, ಕೊಳಚೆ ಎಲ್ಲಿ ಸೇರುತ್ತಿದೆ ಎಂಬುದನ್ನು ನಾವೇ ಪತ್ತೆಹಚ್ಚಲು ಸಾಧ್ಯವೇ? ಬಾವಿಯನ್ನು ಮುಚ್ಚಿಸಬೇಕೆಂದು ಮಗ ಹೇಳುತ್ತಿದ್ದಾನೆ, ನನಗೆ ಮನಸ್ಸಿಲ್ಲ.

ಹಳೆಯ ಚೇಂಬರ್, ಮಂಗಳೂರು

ಬಾವಿಕಟ್ಟೆಯವರೇ, ಒಳಚರಂಡಿ ಕಾಮಗಾರಿಗಳಲ್ಲಿಯೇ ನನ್ನ ಸೇವಾವಧಿಯ ಹೆಚ್ಚಿನ ಭಾಗ ಕಳೆದಿದೆ. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ: ಬತ್ತಬೇಕಾದ ತೋಡು ಬತ್ತುತ್ತಿಲ್ಲ. ನಮ್ಮ ಕರಾವಳಿಯಲ್ಲಿ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದುಹೋಗುತ್ತದೆ. ಆದ್ದರಿಂದ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಒಂದು ಸಣ್ಣ ತೋಡಿನಲ್ಲಿ ಹರಿಯುವ ನೀರಿಗೆ ಯಾರಾದರೂ ಒಡೆಯರು ಇರಲೇಬೇಕು. ಮಳೆಗಾಲದಲ್ಲಿ ಎಲ್ಲ ಕೊಳೆಯನ್ನೂ ನೆರೆ ಮುಚ್ಚಿಬಿಡುತ್ತದೆ, ಆಗ ಹುಡುಕಿ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ತೋಡೇ ತನ್ನ ನಕ್ಷೆಯನ್ನು ಬಿಡಿಸಿ ತೋರಿಸುತ್ತದೆ.

ಹುಡುಕಲು ದೊಡ್ಡ ಉಪಕರಣವೇನೂ ಬೇಡ. ಒಂದು ಬಕೆಟ್, ಕೈಗಡಿಯಾರ, ಒಂದು ನೋಟ್‌ಬುಕ್ ಇಟ್ಟುಕೊಂಡು ತೋಡಿನ ಕೆಳಗಿನ ತುದಿಯಿಂದ ಮೇಲಕ್ಕೆ ನಡೆಯಿರಿ. ಕಲ್ಮಾಡಿಯ ಕಡೆ ಉಬ್ಬರದ ನೀರು ಒಳಗೆ ನುಗ್ಗುವುದರಿಂದ ಅಲ್ಲಿ ಇಳಿತದ ಹೊತ್ತನ್ನು ನೋಡಿಕೊಳ್ಳಬೇಕು. ನೀರು ಇದ್ದಕ್ಕಿದ್ದಂತೆ ಕಡಿಮೆಯಾದ ಜಾಗದಲ್ಲಿ ನಿಂತು ಹಿಂದಿರುಗಿ ನೋಡಿದರೆ, ಆ ನಡುವಿನ ಭಾಗದಲ್ಲಿ ಎಲ್ಲೋ ಒಂದು ಪೈಪು ಕಲ್ಲುಕಟ್ಟಣದ ಸಂದಿಯಲ್ಲಿ ಅಡಗಿರುತ್ತದೆ. ಅದು ಸಿಕ್ಕಿದ ಮೇಲೆ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಬರೆದುಕೊಳ್ಳಿ. ನಗರ ನೀರು ಪೂರೈಕೆಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್, ಅದರಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದು ಹಿಡಿಯುತ್ತಾರೆ. ಅಂದರೆ ತಲೆಗೆ 108 ಲೀಟರ್. 15 ಲೀಟರಿನ ಬಕೆಟ್ 30 ಸೆಕೆಂಡಿನಲ್ಲಿ ತುಂಬಿದರೆ ದಿನಕ್ಕೆ 43,200 ಲೀಟರ್ ಆಯಿತು, ಅದು ಸುಮಾರು 400 ಜನರ ಕೊಳಚೆ. ಇಷ್ಟು ಗೊತ್ತಾದರೆ ಅದು ಒಂದು ಮನೆಯ ಬಚ್ಚಲು ನೀರೋ, ಒಂದು ವಸತಿ ಸಮುಚ್ಚಯವೋ ಎಂಬುದು ತಾನಾಗಿಯೇ ತಿಳಿಯುತ್ತದೆ. ಆದರೆ ಒಮ್ಮೆ ಮಾತ್ರ ಅಳೆದು ತೀರ್ಮಾನಿಸಬೇಡಿ. ಮನೆಗಳ ಕೊಳಚೆ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಏರಿ, ಮಧ್ಯಾಹ್ನ ಇಳಿದು, ನಡುರಾತ್ರಿಯಲ್ಲಿ ಬಹುತೇಕ ನಿಲ್ಲುತ್ತದೆ. ರಾತ್ರಿ ಎರಡು ಗಂಟೆಗೂ ಅಷ್ಟೇ ಹರಿವು ಇದ್ದರೆ ಅದು ಒಡೆದ ಕುಡಿಯುವ ನೀರಿನ ಪೈಪೋ, ಅಂತರ್ಜಲದ ಒಸರೋ, ರಾತ್ರಿಯೂ ನಡೆಯುವ ಯಾವುದೋ ಉದ್ದಿಮೆಯೋ ಆಗಿರಬೇಕು.

ಘಟಕದ ವಿಷಯಕ್ಕೆ ಬರುತ್ತೇನೆ. ಶುದ್ಧೀಕರಣ ಘಟಕವು ತನ್ನ ಬಾಗಿಲಿಗೆ ಬಂದ ಕೊಳಚೆಯನ್ನು ಮಾತ್ರ ಶುದ್ಧೀಕರಿಸಬಲ್ಲದು. ದಾರಿಯಲ್ಲಿ ತಪ್ಪಿಸಿಕೊಂಡದ್ದರ ಬಗ್ಗೆ ಅದಕ್ಕೆ ಏನೂ ತಿಳಿಯದು. ಉಡುಪಿಯಾಗಲಿ ಮಂಗಳೂರಾಗಲಿ ಗುಡ್ಡ ಮತ್ತು ಬೈಲುಗಳ ಊರುಗಳಾದ್ದರಿಂದ ಕೊಳಚೆ ಇಳಿಜಾರಿನಲ್ಲೇ ಹರಿದು ಘಟಕವನ್ನು ತಲುಪುವುದಿಲ್ಲ. ತಗ್ಗಿನಲ್ಲಿ ವೆಟ್‌ವೆಲ್ ಕಟ್ಟಿ, ಅಲ್ಲಿ ಕೂಡಿಸಿ, ಪಂಪಿನಿಂದ ಗುಡ್ಡ ಹತ್ತಿಸಬೇಕು. ತಗ್ಗು ಎಂದರೆ ತೋಡು ಇರುವ ಜಾಗವೇ. ಕರೆಂಟು ಹೋಗಿ, ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ, ಅಥವಾ ಎರಡು ಪಂಪುಗಳಲ್ಲಿ ಒಂದು ದುರಸ್ತಿಗೆ ಹೋಗಿದ್ದರೆ, ವೆಟ್‌ವೆಲ್ ತುಂಬಿ ಹೊರಗೆ ಹರಿಯಲು ಪಕ್ಕದಲ್ಲಿಯೇ ದಾರಿ ಸಿದ್ಧವಾಗಿರುತ್ತದೆ. ಇದರ ಮೇಲೆ ಮಳೆಗಾಲದ ಸಂಕಟ ಬೇರೆ. ಅಂಗಳದ ಮತ್ತು ಮಾಡಿನ ನೀರನ್ನು ಒಳಚರಂಡಿಯ ಚೇಂಬರಿಗೆ ಬಿಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಸಹಜವಾಗಿದೆ ಎಂದರೆ, ಅದನ್ನು ತಪ್ಪು ಎಂದು ಹೇಳಿದವನನ್ನೇ ಜನ ವಿಚಿತ್ರವಾಗಿ ನೋಡುತ್ತಾರೆ. ಕೊಳಚೆಗೆಂದು ಹಾಕಿದ ಪೈಪಿಗೆ ಜೂನ್ ತಿಂಗಳ ಒಂದು ಮಳೆಯನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಮ್ಯಾನ್‌ಹೋಲ್ ಮುಚ್ಚಳ ಎದ್ದು ರಸ್ತೆಗೆ ನೀರು ಉಕ್ಕುತ್ತದೆ. ಘಟಕವನ್ನು ತಲುಪಿದ ನೀರೂ ಅಲ್ಲಿ ಕೊಳೆ ತಿನ್ನಲೆಂದು ಸಾಕಿಟ್ಟ ಬ್ಯಾಕ್ಟೀರಿಯಾಗಳನ್ನು ಕೊಚ್ಚಿಕೊಂಡು ಹೋಗುತ್ತದೆ.

ಒಂದು ಎಚ್ಚರಿಕೆ: ಹುಡುಕುವ ಉತ್ಸಾಹದಲ್ಲಿ ಯಾವ ಚೇಂಬರಿನ ಒಳಗೂ ಇಳಿಯಬೇಡಿ, ಇಳಿಸಲೂ ಬೇಡಿ. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಮೊದಲು ಮೂಗಿನ ಶಕ್ತಿಯನ್ನು, ಆಮೇಲೆ ಪ್ರಾಣವನ್ನು ತೆಗೆಯುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಸೀಸೆ ಮತ್ತು ಮಂಜುಗಡ್ಡೆ, ಮಣಿಪಾಲ

ಹಳೆಯ ಚೇಂಬರ್ ಅವರ ಮಾತನ್ನು ಒಪ್ಪುತ್ತೇನೆ. ಆದರೆ ತೋಡಿನ ಕೊಳಚೆ ಮತ್ತು ಬಾವಿಯ ಕೊಳಚೆ ಒಂದೇ ಎಂದು ಈಗಲೇ ನಂಬಬಾರದು. ಮುರಕಲ್ಲು ನೋಡಲು ಗಟ್ಟಿಯಾಗಿದ್ದರೂ ಒಳಗೆಲ್ಲ ತೂತುಗಳ ಕಲ್ಲು, ನೀರು ಅದರ ಮೂಲಕ ಸೋಸಿಕೊಂಡು ಬರುವುದಕ್ಕಿಂತ ಸರಾಗವಾಗಿ ಓಡಿಬರುವುದೇ ಹೆಚ್ಚು. ಭಾರತೀಯ ಮಾನಕದಂತೆ ಇಂಗುಗುಂಡಿಯಿಂದ (ಶೌಚಾಲಯದ ನೀರನ್ನು ಮಣ್ಣಿಗೆ ಇಂಗಿಸುವ ಗುಂಡಿ) ಕುಡಿಯುವ ನೀರಿನ ಮೂಲಕ್ಕೆ ಕನಿಷ್ಠ 18 ಮೀಟರ್ ಅಂತರವಿರಬೇಕು. ಐದು ಸೆಂಟ್ಸ್ ಜಾಗವೆಂದರೆ ಸುಮಾರು 200 ಚದರ ಮೀಟರ್. ಅದು ಚೌಕವಾಗಿದ್ದರೆ ಒಂದು ಬದಿ 14 ಮೀಟರ್ ಮಾತ್ರ. ಅಂಥ ಜಾಗದಲ್ಲಿ ಬಾವಿಯನ್ನು ಒಂದು ಮೂಲೆಗೂ ಗುಂಡಿಯನ್ನು ಎದುರಿನ ಮೂಲೆಗೂ ಇಟ್ಟರೆ ಮಾತ್ರ ನಿಯಮ ಪಾಲನೆಯಾದೀತು, ಅಷ್ಟಾದರೂ ಪಕ್ಕದ ಮನೆಯ ಗುಂಡಿ ನಮ್ಮ ಬಾವಿಯ ಗೋಡೆಯಾಚೆಗೇ ಇರುತ್ತದೆ. ಮನೆಗಳು ದೂರದೂರ ಇದ್ದ ಕಾಲದ ವ್ಯವಸ್ಥೆಯನ್ನು ಒತ್ತೊತ್ತಾದ ಬಡಾವಣೆಗೆ ತಂದು ಹಾಕಿದ ಪರಿಣಾಮವಿದು. ಆದ್ದರಿಂದ ಮೊದಲು ನಿಮ್ಮದೇ ಗುಂಡಿಯ ಅಂತರವನ್ನು ಅಳೆದು ನೋಡಿ.

ಪರೀಕ್ಷೆಗೆ ಕೊಡುವಾಗ ಒಂದು ಸಾಲಿನ ವರದಿಗೆ ಒಪ್ಪಬೇಡಿ. ಬಾವಿ ನೀರಿನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ), ನೈಟ್ರೇಟ್, ಅಮೋನಿಯಾ, ಕ್ಲೋರೈಡ್ ಇವು ನಾಲ್ಕನ್ನೂ ಕೇಳಿ. ಕುಡಿಯುವ ನೀರಿನ ಮಾನಕದಂತೆ 100 ಮಿಲಿಲೀಟರಿನಲ್ಲಿ ಇ. ಕೋಲಿ ಒಂದೂ ಕಾಣಿಸಬಾರದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಅಮೋನಿಯಾ ಹೆಚ್ಚಿದ್ದರೆ ಕೊಳಚೆ ಹತ್ತಿರದಿಂದ, ಇತ್ತೀಚೆಗೆ ಸೇರಿದೆ ಎಂದು ಊಹಿಸಬಹುದು; ಅಮೋನಿಯಾ ಕಡಿಮೆಯಿದ್ದು ನೈಟ್ರೇಟ್ ಹೆಚ್ಚಿದ್ದರೆ ಅದು ಮಣ್ಣಿನಲ್ಲಿ ಕಾಲ ಕಳೆದು ಬಂದದ್ದು. ಕ್ಲೋರೈಡ್ ಒಳ್ಳೆಯ ಸೂಚಕವೇ, ಆದರೆ ಸಮುದ್ರದ ಉಪ್ಪು ತಲುಪುವ ಕಡೆ ಅದನ್ನು ನಂಬುವಂತಿಲ್ಲ. ತೋಡಿನ ನೀರಿಗಾದರೆ ಕರಗಿದ ಆಮ್ಲಜನಕ, ಬಿಒಡಿ ಮತ್ತು ಮಲಜನ್ಯ ಕೋಲಿಫಾರ್ಮ್ ಸಾಕು. ಸ್ನಾನಕ್ಕೆ ಯೋಗ್ಯವೆನಿಸಲು ಲೀಟರಿಗೆ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ, ಬಿಒಡಿ ಗರಿಷ್ಠ 3 ಮಿಲಿಗ್ರಾಂ, ಕೋಲಿಫಾರ್ಮ್ 100 ಮಿಲಿಲೀಟರಿಗೆ 500ರ ಒಳಗೆ, ಹೆಚ್ಚೆಂದರೆ 2,500 ಇರಬಹುದು. ಬಿಒಡಿ ಎಂದರೆ, ನೀರಿನಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ. ನಮ್ಮ ಹವೆಗೆ ತಕ್ಕಂತೆ ಭಾರತದಲ್ಲಿ ಇದನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ. ಕೋಲಿಫಾರ್ಮ್ ಪರೀಕ್ಷೆಯ ಮಾದರಿಯನ್ನು ಪ್ರಯೋಗಾಲಯದವರೇ ಕೊಟ್ಟ ಕ್ರಿಮಿರಹಿತ ಸೀಸೆಯಲ್ಲಿ ಹಿಡಿದು, ಮಂಜುಗಡ್ಡೆಯ ನಡುವೆ ಇಟ್ಟು ಅದೇ ದಿನ ತಲುಪಿಸಬೇಕು. ಮಿನರಲ್ ವಾಟರ್ ಬಾಟಲಿಯಲ್ಲಿ ಹಿಡಿದು ಮಧ್ಯಾಹ್ನದವರೆಗೆ ಕಾರಿನಲ್ಲಿ ಇಟ್ಟ ನೀರು ಏನನ್ನೂ ಸಾಬೀತು ಮಾಡುವುದಿಲ್ಲ.

ಬಾವಿ ಮುಚ್ಚುವುದು ಬೇಡ. ಮುಚ್ಚಿದರೆ ಅದು ಮುಂದೆ ಯಾರದೋ ಇಂಗುಗುಂಡಿಯಾಗುತ್ತದೆ. ಸದ್ಯಕ್ಕೆ ಕುಡಿಯಲು, ಅಡುಗೆಗೆ ಬೇರೆ ನೀರನ್ನು ಬಳಸಿ, ಬಾವಿ ನೀರನ್ನು ಗಿಡಗಳಿಗೆ, ನೆಲ ಒರೆಸಲು ಬಳಸಿ. ಬ್ಲೀಚಿಂಗ್ ಪುಡಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಎಂಬುದು ಸಾಧಾರಣ ನೀರಿನ ಲೆಕ್ಕ. ಕೊಳಚೆ ಬೆರೆತ ನೀರಿನಲ್ಲಿ ಅಮೋನಿಯಾ ಮತ್ತು ಕೊಳೆ ಕ್ಲೋರಿನ್ನನ್ನು ಮೊದಲೇ ನುಂಗಿಬಿಡುವುದರಿಂದ ಕ್ರಿಮಿಗಳನ್ನು ಕೊಲ್ಲಲು ಏನೂ ಉಳಿಯುವುದಿಲ್ಲ. ಒಸರು ದಿನವೂ ಬರುತ್ತಿದ್ದರೆ ಪುಡಿ ದಿನವೂ ಸೋಲುತ್ತದೆ.

ತೋಟದ ಕೆಲಸ

ತೋಡಿಗೆ ಬ್ಯಾಕ್ಟೀರಿಯಾ ದ್ರಾವಣ ಸುರಿದು ವಾಸನೆ ಹೋಗಲಾಡಿಸಿದ್ದಾರೆ ಎಂದು ಕೇಳಿದ್ದೇನೆ. ತೇಲುವ ತೆಪ್ಪದ ಮೇಲೆ ಗಿಡ ಬೆಳೆಸಿ ನೀರನ್ನು ಶುದ್ಧಗೊಳಿಸುವ ವಿಧಾನವೂ ಇದೆಯಂತೆ. ಇಷ್ಟು ಸುಲಭದ ದಾರಿ ಇರುವಾಗ ಪೈಪು ಎಣಿಸುತ್ತಾ ನಡೆಯುವುದೇಕೆ?

ಹಳೆಯ ಚೇಂಬರ್, ಮಂಗಳೂರು

ತೋಟದ ಕೆಲಸದವರೇ, ನಿಂತ ಕೆರೆಯಲ್ಲಿ ಅವುಗಳಿಂದ ಸ್ವಲ್ಪ ಉಪಯೋಗವಿದೆ. ಹರಿಯುವ ತೋಡಿನಲ್ಲಿ ನೀವು ಬೆಳಿಗ್ಗೆ ಸುರಿದ ದ್ರಾವಣ ಸಂಜೆಗೆ ಮಲ್ಪೆಯಲ್ಲಿರುತ್ತದೆ. ತೋಡಿನೊಳಗೇ ಏನಾದರೂ ಮಾಡಬೇಕೆಂದಿದ್ದರೆ, ಬೇಸಿಗೆಯ ಸಣ್ಣ ಹರಿವಿಗೆ ಅಡ್ಡವಾಗಿ ಒಂದು ಗಿಡ್ಡ ಕಟ್ಟೆ ಕಟ್ಟಿ, ಆ ನೀರನ್ನು ಹತ್ತಿರದ ವೆಟ್‌ವೆಲ್‌ಗೆ ತಿರುಗಿಸುವುದು ಹೆಚ್ಚು ಲಾಭದಾಯಕ. ಮಳೆ ಬಂದಾಗ ನೆರೆ ಕಟ್ಟೆಯ ಮೇಲಿನಿಂದ ಹೋಗುತ್ತದೆ. ಅದು ಕೂಡ ಶಾಶ್ವತವಲ್ಲ. ತಿರುಗಿಸುವ ವ್ಯವಸ್ಥೆ ಇದೆಯೆಂದು ಮನೆ ಸಂಪರ್ಕ ಕೊಡುವ ಕೆಲಸವನ್ನೇ ಕೈಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಳಿವೆ ಬಾಗಿಲು, ಮಂಗಳೂರು

ನಾನು ಹೊಳೆಯ ಕೊನೆಯ ತುದಿಯಿಂದ ಬರೆಯುತ್ತಿದ್ದೇನೆ. ನೇತ್ರಾವತಿಯೂ ಫಲ್ಗುಣಿಯೂ ಸಮುದ್ರ ಸೇರುವ ಅಳಿವೆಯ ಬದಿಯಲ್ಲಿ ನಮ್ಮ ಮನೆ. ಮೇಲಿನವರು ಬಿಟ್ಟದ್ದೆಲ್ಲ ನಮ್ಮಲ್ಲಿಗೆ ಬರುತ್ತದೆ. ಸಮುದ್ರಕ್ಕೆ ಹೋಗಿ ಮುಗಿಯುತ್ತದೆ ಎಂದು ತಿಳಿದವರು ಉಬ್ಬರವನ್ನು ನೋಡಿದವರಲ್ಲ. ದಿನಕ್ಕೆ ಎರಡು ಸಲ ಸಮುದ್ರ ಅದನ್ನು ಹಿಂದಕ್ಕೆ ತಂದು ಒಪ್ಪಿಸುತ್ತದೆ. ಅಳಿವೆಯ ಮರಳಿನಲ್ಲಿ ಮರುವಾಯಿ ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಬದುಕುವ ಮನೆಗಳಿವೆ. ಮರುವಾಯಿ ತನ್ನ ಮೂಲಕ ನೀರನ್ನು ಸೋಸಿ ಆಹಾರ ಹುಡುಕುವ ಜೀವಿ. ಸೋಸಿದ ನೀರಿನ ರೋಗಾಣುಗಳೂ ಅದರ ಚಿಪ್ಪಿನೊಳಗೇ ಕೂಡಿಕೊಳ್ಳುತ್ತವೆ. ಆದ್ದರಿಂದ ನಮಗೆ ಕೊಳಚೆ ಎಂಬುದು ಮೂಗಿನ ತೊಂದರೆ ಮಾತ್ರವಲ್ಲ, ಸಂತೆಯಲ್ಲಿ ಬೆಲೆ ಬೀಳುವ ತೊಂದರೆಯೂ ಹೌದು.

ಮೇಲಿನ ನೀರು ಶುದ್ಧವೆಂಬ ನಂಬಿಕೆಯೂ ಉಳಿದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳನ್ನು ಗುರುತಿಸಿದಾಗ ಕರ್ನಾಟಕದ 17 ಭಾಗಗಳಲ್ಲಿ ನೇತ್ರಾವತಿಯೂ ಕುಮಾರಧಾರೆಯೂ ಇದ್ದವು. ಕಡಿಮೆ ತೀವ್ರತೆಯ ಗುಂಪಿನಲ್ಲಿ ಎಂಬುದು ನಿಜ. ಆದರೂ ತುಂಬೆಯಲ್ಲಿ ಅಣೆಕಟ್ಟು ಕಟ್ಟಿ ಇಡೀ ಮಂಗಳೂರು ಕುಡಿಯುವುದು ಅದೇ ನೇತ್ರಾವತಿಯನ್ನು. ಫಲ್ಗುಣಿಯ ಕತೆ ಇನ್ನೊಂದು ಬಗೆಯದು. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರ ಎಂಬಲ್ಲಿ ಮನೆ, ತೋಟಗಳ ಮೇಲೆ ಹರಿದ ಮೇಲೆ, ಕಸದಿಂದ ಒಸರಿದ ಕಪ್ಪು ನೀರು ತೋಡು ಹಿಡಿದು ಫಲ್ಗುಣಿಗೆ ಇಳಿಯಿತು, ಮರವೂರಿನ ಕಿಂಡಿ ಅಣೆಕಟ್ಟಿನ ಕುಡಿಯುವ ನೀರಿನ ಬಗ್ಗೆಯೂ ಜನ ಹೆದರಿದರು.

ಕಿಂಡಿ ಅಣೆಕಟ್ಟಿನ ಹೆಸರು ಬಂದಿತೆಂದು ಒಂದು ಮಾತು. ಉಪ್ಪುನೀರನ್ನು ತಡೆಯಲು, ಬಾವಿಗಳ ಮಟ್ಟ ಏರಿಸಲು ಇವು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಳಚೆ ಸೇರುವ ಹೊಳೆಗೆ ಮಳೆಗಾಲ ಕಳೆದ ಮೇಲೆ ಹಲಗೆ ಹಾಕಿ ಮುಚ್ಚಿದರೆ, ಮೇ ತಿಂಗಳವರೆಗೆ ಅದು ಒಂದು ದೊಡ್ಡ ಸೆಪ್ಟಿಕ್ ಟ್ಯಾಂಕ್ ಆಗುತ್ತದೆ, ಅದೂ ಸುತ್ತಲಿನ ಬಾವಿಗಳಿಗೆ ನೀರು ಒತ್ತುವ ಟ್ಯಾಂಕ್. ಬಾವಿಕಟ್ಟೆಯವರೇ, ನಿಮ್ಮ ಬಾವಿ ಫೆಬ್ರವರಿಯಿಂದಲೇ ಕೆಡುವುದೆಂದು ಬರೆದಿದ್ದೀರಿ. ನಿಮ್ಮ ತೋಡಿನ ಕೆಳಭಾಗದಲ್ಲಿ ಹಲಗೆ ಹಾಕುತ್ತಾರೆಯೇ ಎಂದು ದಯವಿಟ್ಟು ನೋಡಿ.

ಸೀಸೆ ಮತ್ತು ಮಂಜುಗಡ್ಡೆ, ಮಣಿಪಾಲ

ಅಳಿವೆ ಬಾಗಿಲಿನವರ ಮಾತಿಗೆ ಸೇರಿಸಬೇಕಾದದ್ದು ಒಂದಿದೆ. ಶುದ್ಧೀಕರಣ ಘಟಕದಿಂದ ಹೊರಬಿಡುವ ನೀರಿನ ಬಿಒಡಿ ಮಹಾನಗರಗಳಲ್ಲಿ 20, ಇತರೆಡೆ ಲೀಟರಿಗೆ 30 ಮಿಲಿಗ್ರಾಂ ಇರಬಹುದೆಂದು 2017ರ ಕೇಂದ್ರ ಅಧಿಸೂಚನೆ ಹೇಳಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಬಿಗಿಗೊಳಿಸಲು ಆದೇಶಿಸಿತು. ಈಗ ಲೆಕ್ಕ ಹಾಕಿ ನೋಡಿ. ತನ್ನದೇ ನೀರಿಲ್ಲದ ಏಪ್ರಿಲ್ ತಿಂಗಳ ತೋಡಿಗೆ, ಅತ್ಯುತ್ತಮವಾಗಿ ನಡೆಯುವ ಘಟಕ 10ರ ನೀರನ್ನೇ ಬಿಟ್ಟರೂ, ತೋಡಿನ ಬಿಒಡಿ 10 ಆಗುತ್ತದೆ, ಸ್ನಾನದ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು. ಆಗಸ್ಟ್‌ನಲ್ಲಿ ಹೊಳೆ ಅದನ್ನು ಕರಗಿಸಿಕೊಳ್ಳುತ್ತದೆ, ಏಪ್ರಿಲ್‌ನಲ್ಲಿ ಕರಗಿಸಿಕೊಳ್ಳಲು ಹೊಳೆಯೇ ಇರುವುದಿಲ್ಲ. ಹಾಗಾಗಿ ಶುದ್ಧೀಕರಿಸಿದ ನೀರನ್ನು ಬೇಸಿಗೆಯಲ್ಲಿ ಹೊಳೆಗೆ ಬಿಡುವುದಕ್ಕಿಂತ ಬೇರೆಡೆ ಬಳಸುವುದೇ ಲೇಸು. ಮಂಗಳೂರಿನ ಘಟಕಗಳ ನೀರನ್ನು ವಿಶೇಷ ಆರ್ಥಿಕ ವಲಯದ ಕೈಗಾರಿಕೆಗಳಿಗೆ ಕೊಡುವ ವ್ಯವಸ್ಥೆ ಈಗಾಗಲೇ ಇದೆ. ಬೆಂಗಳೂರಿನ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ, ಆದರೆ ಅಲ್ಲಿ ಎರಡನೆಯ ಹಂತದಲ್ಲೇ (ಬ್ಯಾಕ್ಟೀರಿಯಾಗಳಿಗೆ ಕೊಳೆ ತಿನ್ನಿಸುವ ಹಂತ) ನಿಲ್ಲಿಸಿದ ಶುದ್ಧೀಕರಣ ಅಂತರ್ಜಲಕ್ಕೆ ಸಾಕೇ ಎಂಬ ಆಕ್ಷೇಪ ಮೊದಲಿನಿಂದಲೂ ಇದೆ. ಉಡುಪಿಯಲ್ಲಿ ಅಂಥ ದೊಡ್ಡ ಕೈಗಾರಿಕೆ ಇಲ್ಲದಿದ್ದರೂ, ಕಟ್ಟಡ ಕಾಮಗಾರಿಗೆ, ವಿದ್ಯಾಸಂಸ್ಥೆಗಳ ಹುಲ್ಲುಹಾಸಿಗೆ, ಬಸ್ಸು ತೊಳೆಯಲು ಟ್ಯಾಂಕರುಗಳಲ್ಲಿ ಬಾವಿ ನೀರನ್ನೇ ಒಯ್ಯುವುದನ್ನು ನಾವು ದಿನವೂ ನೋಡುತ್ತೇವೆ.

ಬಾವಿಕಟ್ಟೆ, ಉಡುಪಿ

ಎಲ್ಲರಿಗೂ ಕೃತಜ್ಞತೆಗಳು. ಕಳೆದ ಎರಡು ಭಾನುವಾರ ನೆರೆಮನೆಯ ಇಬ್ಬರೊಡನೆ ತೋಡಿನಲ್ಲಿ ನಡೆದೆ. ಒಂದೂವರೆ ಕಿಲೋಮೀಟರಿನಲ್ಲಿ ಹನ್ನೊಂದು ಪೈಪು ಸಿಕ್ಕಿದವು. ಅವುಗಳಲ್ಲಿ ಎಂಟು ಸಣ್ಣವು, ಬಟ್ಟೆ ಒಗೆಯುವ ಮತ್ತು ಪಾತ್ರೆ ತೊಳೆಯುವ ನೀರಿನವು. ಎಂಟರಲ್ಲಿ ಒಂದು ನನ್ನದೇ ಮನೆಯದು, ಹಿತ್ತಿಲಿನ ಕಲ್ಲಿನಿಂದ ತೋಡಿಗೆ ಇಳಿಯುವ ಆ ನೀರನ್ನು ಇಷ್ಟು ವರ್ಷ ನಾನು ಕೊಳಚೆ ಎಂದು ಎಣಿಸಿಯೇ ಇರಲಿಲ್ಲ. ಎರಡು ಪೈಪುಗಳು ಒಣಗಿದ್ದವು. ಉಳಿದ ಪೈಪು ಒಂದು ವಸತಿ ಸಮುಚ್ಚಯದ ಹಿಂಭಾಗದ ಮಳೆನೀರು ಚರಂಡಿಯದು. ಅಲ್ಲಿ 15 ಲೀಟರಿನ ಬಕೆಟ್ ಬೆಳಿಗ್ಗೆ ಏಳೂವರೆಗೆ 12 ಸೆಕೆಂಡಿನಲ್ಲಿ, ಮಧ್ಯಾಹ್ನ 40 ಸೆಕೆಂಡಿನಲ್ಲಿ, ರಾತ್ರಿ ಹನ್ನೊಂದಕ್ಕೆ ಎರಡು ನಿಮಿಷದಲ್ಲಿ ತುಂಬಿತು. ಮೂರರ ಸರಾಸರಿ ಹಿಡಿದರೆ ದಿನಕ್ಕೆ ಸುಮಾರು 50,000 ಲೀಟರ್, ಅಂದರೆ 450ಕ್ಕೂ ಹೆಚ್ಚು ಜನರದು. ಸಮುಚ್ಚಯದ ಕಾವಲುಗಾರರು ಅಲ್ಲಿ ಶುದ್ಧೀಕರಣ ಘಟಕವಿದೆ, ಕರೆಂಟ್ ಬಿಲ್ಲು ಹೆಚ್ಚೆಂದು ಅದಕ್ಕೆ ಗಾಳಿಯೂದುವ ಬ್ಲೋವರನ್ನು ನಿಲ್ಲಿಸಿದ್ದಾರೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ತೋಡಿನ ಕೆಳಭಾಗದಲ್ಲಿ ಹಲಗೆ ಹಾಕುವ ಕಿಂಡಿ ಇದೆ, ಡಿಸೆಂಬರ್ ಕೊನೆಯಲ್ಲಿ ಹಾಕುತ್ತಾರೆ. ಅಳಿವೆ ಬಾಗಿಲಿನವರ ಊಹೆ ಸರಿಯಾಗಿತ್ತು. ನಮ್ಮ ಇಂಗುಗುಂಡಿ ಬಾವಿಯಿಂದ 35 ಅಡಿ, ಅಂದರೆ 11 ಮೀಟರಿಗಿಂತ ಕಡಿಮೆ.

ಸಮುಚ್ಚಯದ ಸಂಘದವರನ್ನು ಮುಂದಿನ ವಾರ ಭೇಟಿಯಾಗಲಿದ್ದೇವೆ. ದೂರು ಕೊಡುವ ಮೊದಲು ಬಕೆಟ್ಟಿನ ಲೆಕ್ಕವನ್ನು ಅವರ ಮುಂದಿಡೋಣವೆಂದು ನೆರೆಯವರ ಅಭಿಪ್ರಾಯ, ಒಪ್ಪದಿದ್ದರೆ 1974ರ ಜಲ ಕಾಯಿದೆಯನ್ನು ಉಲ್ಲೇಖಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯುತ್ತೇವೆ. ಅದಕ್ಕೆ ಮೊದಲು ಹಿತ್ತಿಲಿನ ಪೈಪನ್ನು ಬಾಳೆಗುಂಡಿಗೆ ತಿರುಗಿಸುವ ಕೆಲಸ ಮಗ ಇವತ್ತು ಶುರುಮಾಡಿದ್ದಾನೆ. ಬಾವಿಯ ನೀರನ್ನು ನಾಲ್ಕು ಪರೀಕ್ಷೆಗೂ ಕೊಟ್ಟಿದ್ದೇನೆ. ವರದಿ ಬಂದ ಮೇಲೆ ಅಮೋನಿಯಾ ಮತ್ತು ನೈಟ್ರೇಟ್ ಸಂಖ್ಯೆಗಳನ್ನು ಇಲ್ಲಿ ಹಾಕುತ್ತೇನೆ, ಮಣಿಪಾಲದವರು ಓದಿ ಹೇಳಬೇಕು.